ಪೋರ್ಟಬಲ್ ಒಲೆ

‘ಪೋರ್ಟಬಲ್’ ಎಂಬ ಇಂಗ್ಲಿಷ್ ಮಾತನ್ನು ನಾನು ಮೊದಲು ಓದಿದ್ದು ಒಂದು ಗ್ರಾಮಫೋನಿನ ಮುಚ್ಚಳದ ಮೇಲೆ. ಹಾಗೆಂದು ನನ್ನ ನೆನಪು ಹೇಳುತ್ತದೆ. ನನ್ನ ನೆನಪನ್ನು ನಾನು ಪೂರ್ತಿ ನಂಬುವವನಲ್ಲ. ಮುಚ್ಚಳದ ಮೇಲೆ ಆ ಅಕ್ಷರಗಳು ಇರಲಿಲ್ಲವೆಂದು ಯಾರಾದರೂ ಈಗ ಬಂದು ಹೇಳಿದರೆ ವಾದ ಮಾಡಲಾರೆ. ಆದರೆ ಆ ಪೆಟ್ಟಿಗೆಯ ಭಾರದ ಬಗ್ಗೆ ಮಾತ್ರ ಸಂಶಯವಿಲ್ಲ. ಅದು ಇನ್ನೂ ನನ್ನ ಬಲಗೈಗೆ ಗೊತ್ತು.

ನಲವತ್ತರ ದಶಕದ ನಡುಭಾಗ, ಯುದ್ಧ ಮುಗಿದಿರಲಿಲ್ಲ. ನಾನು ಹೈದರಾಬಾದಿನಲ್ಲಿ ಓದುತ್ತಿದ್ದೆ. ಹಾಸ್ಟೆಲಿನಲ್ಲಿ ನನ್ನ ಕೋಣೆಯ ಜೊತೆಗಾರ ಸಿರಿವಂತರ ಮನೆಯವನು. ಸಂಜೆಯಾದರೆ ಮಾಳಿಗೆಯ ಮೇಲೆ ಹಾಡು ಕೇಳಬೇಕು ಅವನಿಗೆ. ಗ್ರಾಮಫೋನನ್ನು ನಮ್ಮ ಕೈಲಿ ಹೊರಿಸಿ, ತಾನು ಸೂಜಿಗಳ ಪುಟ್ಟ ಡಬ್ಬಿ ಹಿಡಿದು ಮುಂದೆ ಮುಂದೆ ಮೆಟ್ಟಿಲು ಹತ್ತುತ್ತಿದ್ದ. ‘ಪೋರ್ಟಬಲ್ ಇದು, ಸುಲಭವಾಗಿ ಒಯ್ಯಬಹುದು’ ಎಂದು ಮೇಲಿನಿಂದ ಹೇಳುತ್ತಿದ್ದ. ಒಂದು ದಿನವೂ ಅವನು ಅದನ್ನು ಎತ್ತಿದ್ದನ್ನು ನಾನು ನೋಡಲಿಲ್ಲ.

ಸಿಟ್ಟಿಗೋ ಕುತೂಹಲಕ್ಕೋ, ಲೈಬ್ರರಿಯಲ್ಲಿ ದಪ್ಪ ನಿಘಂಟು ತೆಗೆದು ಆ ಮಾತಿನ ಹುಟ್ಟು ಹುಡುಕಿದೆ. ಲ್ಯಾಟಿನ್ನಿನಲ್ಲಿ ಹೊರುವುದಕ್ಕೆ ಇದ್ದ ಕ್ರಿಯಾಪದದಿಂದ ಹೊರಟು, ಫ್ರೆಂಚರ ಬಾಯಿ ಹಾದು ಇಂಗ್ಲಿಷಿಗೆ ಬಂದದ್ದು ಅದು. ರಾಯಚೂರು ಸ್ಟೇಷನ್ನಿನಲ್ಲಿ ತೋಳಿಗೆ ಹಿತ್ತಾಳೆ ಬಿಲ್ಲೆ ಕಟ್ಟಿಕೊಂಡು ಓಡಾಡುವ ಹಮಾಲರನ್ನು ಇಂಗ್ಲಿಷ್ ಬಲ್ಲವರು ಪೋರ್ಟರ್ ಎನ್ನುತ್ತಿದ್ದರಲ್ಲ, ಅದೂ ಅದೇ ಬೇರಿನದು. ಬಾಗಿಲು ಕಾಯುವ ಪೋರ್ಟರ್ ಬೇರೆ ಮನೆತನದವನಂತೆ. ಕೆಳಗಿನಿಂದ ಹೊರುವುದು ಸಪೋರ್ಟ್, ಆಚೆ ದಡಕ್ಕೆ ಹೊರುವುದು ಟ್ರಾನ್ಸ್‌ಪೋರ್ಟ್, ಕಂಡದ್ದನ್ನು ಹಿಂದಕ್ಕೆ ಹೊತ್ತು ತಂದು ಒಪ್ಪಿಸುವುದು ರಿಪೋರ್ಟ್. ಬಹಳ ಹಿಂದೆ ಪೋರ್ಟಬಲ್ ಎಂದರೆ ತಾಳಿಕೊಳ್ಳಬಹುದಾದದ್ದು ಎಂಬ ಅರ್ಥವೂ ಇತ್ತು, ದುಃಖಕ್ಕೆ ಹಸಿವಿಗೆ ಹಚ್ಚಿ ಹೇಳುತ್ತಿದ್ದರು, ಈಗ ಆ ಬಳಕೆ ಬಿದ್ದುಹೋಗಿದೆ ಎಂದೂ ಅಲ್ಲಿ ಬರೆದಿತ್ತು. ಇಷ್ಟೆಲ್ಲ ಒಂದೇ ಮಧ್ಯಾಹ್ನ ಓದಿದೆನೋ, ಮುಂದೆ ಬೇರೆ ಬೇರೆ ಕಡೆ ಓದಿದ್ದನ್ನು ನೆನಪು ಒಂದೇ ಮೇಜಿನ ಮೇಲೆ ತಂದಿಟ್ಟಿದೆಯೋ, ಹೇಳಲಾರೆ.

ಆ ಸಲ ರಜೆಗೆ ದೇವದುರ್ಗದ ಮನೆಗೆ ಬಂದಾಗ ಆ ಮಾತು ತಲೆಯಲ್ಲೇ ಇತ್ತು. ಮನೆಯಲ್ಲಿ ಮಾತ್ರ ಬೇರೆಯದೇ ಚಿಂತೆ ಹೊಕ್ಕಿತ್ತು. ಅಪ್ಪನಿಗೆ ಮಾನ್ವಿಗೆ ತಬಾದಲಾ ಹುಕುಂ ಬಂದಿತ್ತು.

ಅಪ್ಪ ಸರ್ಕಾರಿ ಶಾಲೆಯ ಮಾಸ್ತರ. ವರ್ಗವೆಂದರೆ ನಮಗೆ ಹೊಸದಲ್ಲ. ಟ್ರಂಕು, ಹಾಸಿಗೆ ಸುರುಳಿ, ತಾಮ್ರದ ಹಂಡೆ ಗಾಡಿಗೇರುತ್ತಿದ್ದವು. ದೇವರ ಪೆಟ್ಟಿಗೆಯನ್ನು ಅಪ್ಪ ಮಡಿಯುಟ್ಟು ತೊಡೆಯ ಮೇಲೆ ಇಟ್ಟುಕೊಂಡು ಬರುತ್ತಿದ್ದ. ಒಂದೇ ಒಂದನ್ನು ಬಿಟ್ಟು ಬರಲೇಬೇಕಿತ್ತು. ಅದು ಅಡುಗೆಮನೆಯ ನೆಲಕ್ಕೆ ಅಂಟಿಕೊಂಡ ಮಣ್ಣಿನ ಒಲೆ. ಅಪ್ಪನ ಹೆದರಿಕೆಯೂ ಅದರದೇ.

ಅಪ್ಪನ ತಾಯಿ, ನನ್ನ ಅಜ್ಜಿ, ಚಿಕ್ಕಂದಿನಲ್ಲೇ ಗಂಡನನ್ನು ಕಳೆದುಕೊಂಡು ಮಡಿಯಲ್ಲೇ ಮುದುಕಿಯಾದವಳು. ದಿನಕ್ಕೆ ಒಂದೇ ಊಟ, ಅದೂ ತಾನೇ ಬೇಯಿಸಿದ್ದು, ತನ್ನ ಕೈಯಿಂದಲೇ ಹೂಡಿದ ಒಲೆಯ ಮೇಲೆ. ಹೊಸ ಮನೆಗೆ ಹೋದರೆ ಆ ಮನೆಯ ಮಣ್ಣಿನಲ್ಲಿ ತಾನೇ ಒಲೆ ಹೂಡಬೇಕು, ಅದು ಒಣಗಬೇಕು, ಸೆಗಣಿ ಸಾರಿಸಿ ಒಳ್ಳೆಯ ದಿನ ನೋಡಿ ಬೆಂಕಿ ಇಡಬೇಕು. ಅಲ್ಲಿಯವರೆಗೆ ಬೆಂದದ್ದು ಬಾಯಿಗಿಲ್ಲ. ನಾವೆಲ್ಲ ಅವ್ವ ಇದ್ದಿಲಿನ ಶೆಗಡಿಯ ಮೇಲೆ ಮಾಡಿದ್ದನ್ನು ಉಣ್ಣುತ್ತಿದ್ದೆವು. ಆ ಶೆಗಡಿ ಅಂಗಳದಿಂದ ಪಡಸಾಲೆಗೆ, ಪಡಸಾಲೆಯಿಂದ ಹಿತ್ತಲಿಗೆ ದಿನವೂ ಓಡಾಡುತ್ತಿತ್ತು. ಅದರ ಮೇಲೆ ಚಹಾ ಕಾಯುತ್ತಿತ್ತೆಂದು ಅಜ್ಜಿ ಅದರ ಕಡೆ ನೋಡುತ್ತಲೂ ಇರಲಿಲ್ಲ.

ರಾಯಚೂರಿನಿಂದ ದೇವದುರ್ಗಕ್ಕೆ ಬಂದದ್ದು ಬೇಸಿಗೆಯಲ್ಲಿ. ಒಲೆ ಬೇಗ ಒಣಗಿತ್ತು. ಅಷ್ಟು ದಿನ ಹಸಿ ಹಾಲು, ಬಾಳೆಹಣ್ಣಿನ ಮೇಲೆ ಇದ್ದರೂ ಅಜ್ಜಿ ಬಾವಿಕಟ್ಟೆಯ ಹತ್ತಿರ ಕಣ್ಣು ಕತ್ತಲೆ ಬಂದು ಬಿದ್ದಿದ್ದಳು. ಈಗ ಅವಳಿಗೆ ಇನ್ನೂ ವಯಸ್ಸಾಗಿತ್ತು. ಮೇಲೆ ಮಳೆಗಾಲದ ಕೊನೆ, ಮಣ್ಣು ಒಣಗುವ ಮಾತೇ ಇಲ್ಲ. ಅದರ ಮೇಲೆ ಚಾತುರ್ಮಾಸ, ಕ್ಷೀರವ್ರತದ ತಿಂಗಳು. ನಮ್ಮಲ್ಲಿ ಆ ತಿಂಗಳು ಹಾಲು ಮುಟ್ಟುವುದಿಲ್ಲ. ಮೊಸರು ನಡೆಯುತ್ತದೆ, ಆದರೆ ಮೊಸರಿಗೆ ಹಾಲು ಕಾಯಬೇಕು, ಹಾಲು ಕಾಯಲು ಅವಳ ಒಲೆ ಬೇಕು. ಅಂಗಡಿಯ ಅವಲಕ್ಕಿ ಯಾರೋ ಬೇಯಿಸಿ ಕುಟ್ಟಿದ್ದೆಂದು ಅವಳಿಗೆ ಬೇಡ. ಮಾನ್ವಿಗೆ ಹೋದಮೇಲೆ ಒಲೆ ಒಣಗುವವರೆಗೆ ಅಜ್ಜಿ ಉಳಿದಾಳೆಯೇ ಎಂಬುದೇ ಅಪ್ಪನ ಎದೆಯೊಳಗಿದ್ದ ಪ್ರಶ್ನೆ.

‘ಅವ್ವಾ, ಇದೊಂದು ಸಲ ಮೂರು ಕಲ್ಲಿನ ಮ್ಯಾಲ ಮಾಡ್ಕೋ’ ಎಂದು ಅಪ್ಪ ಅಜ್ಜಿಗೆ ಹೇಳಿದ.

‘ಹಾದ್ಯಾಗ ಮೂರು ಕಲ್ಲು ನಡೀತದ. ಮನಿ ಅಂದಮ್ಯಾಲ ಒಲಿ ಬೇಕು. ಮನ್ಯಾಗ ಮೂರು ಕಲ್ಲಿಟ್ಟು ಬೇಯಿಸ್ಕೊಳ್ಳಾಕ ನಾನೇನು ಜಾತ್ರಿಗೆ ಬಂದೀನೇನು?’

‘ಹಂಗಾರ ಏನು ತಿಂತೀ?’

‘ನೀನ್ಯಾಕ ಚಿಂತಿ ಮಾಡ್ತೀ. ಹಸಿವಿ ನಂದು.’

ನಾನು ಆಗ ಬಾಯಿ ಹಾಕಿದೆ. ಹೈದರಾಬಾದಿನ ಗಾಳಿ ಹೊಡೆದಿದ್ದ ಕಾಲ. ಮಡಿ, ವ್ರತ, ಪಂಚಾಂಗ ಎಲ್ಲದಕ್ಕೂ ‘ಯಾಕೆ’ ಎಂದು ಕೇಳಿ ಮನೆಯವರ ತಲೆ ತಿನ್ನುತ್ತಿದ್ದೆ. ಆದರೆ ಅಜ್ಜಿ ಬಾವಿಕಟ್ಟೆಯ ಹತ್ತಿರ ಬಿದ್ದ ದಿನ ಅವಳನ್ನು ಎತ್ತಿ ತಂದವರಲ್ಲಿ ನಾನೂ ಒಬ್ಬ. ಅವಳ ಮೈಯಲ್ಲಿ ಭಾರವೇ ಇರಲಿಲ್ಲ.

‘ಅಜ್ಜಿ, ಒಲಿ ಇಲ್ಲೇ ಮಾಡು. ಇಲ್ಲೇ ಒಣಗಲಿ. ಹೊಂಡೂ ದಿನ ಎತ್ಕೊಂಡು ಹೋಗೂಣು. ಇಂಗ್ಲಿಷಿನ್ಯಾಗ ಅದಕ್ಕ ಪೋರ್ಟಬಲ್ ಅಂತಾರ.’

‘ಅಂದ್ರ?’

‘ಸುಲಭಾಗಿ ಹೊತ್ಕೊಂಡು ಹೋಗಾಕ ಬರೂವಂಥಾದ್ದು.’

ಅಜ್ಜಿ ಹೂಬತ್ತಿ ಹೊಸೆಯುವುದನ್ನು ನಿಲ್ಲಿಸಲಿಲ್ಲ. ‘ಹೊರಾವ್ರು ಯಾರು?’ ಎಂದಳು.

‘ಗಾಡಿ ಅದಲ್ಲ.’

‘ಗಾಡಿ ಎಲ್ಲಿ ಹೊರ್ತದೋ? ಎತ್ತು ಎಳೀತಾವ. ಚಕ್ಕಡಿಗೆ ಚರ್ಮದ ಮಿಣಿ ಕಟ್ಟಿರ್ತಾರ. ಅದರಾಗ ನನ್ನ ಒಲಿ ಇಡ್ತೀಯೇನು? ದೇವರ ಪೆಟಿಗಿ ನಿಮ್ಮಪ್ಪ ತೊಡಿ ಮ್ಯಾಲ ಇಟ್ಕೊಂಡು ಬರ್ತಾನ. ಒಲಿ ಯಾರು ತರ್ತಾರ?’

ನಿಘಂಟಿನಲ್ಲಿ ಅದಕ್ಕೆ ಉತ್ತರವಿರಲಿಲ್ಲ. ಹೊರಬಹುದು ಎಂದಷ್ಟೇ ಅದು ಹೇಳುತ್ತದೆ. ಗ್ರಾಮಫೋನಿನ ಗೆಳೆಯ ಸೂಜಿಡಬ್ಬಿ ಹಿಡಿದು ಮೆಟ್ಟಿಲು ಹತ್ತುವುದು ಕಣ್ಣೆದುರಿಗೆ ಬಂತು.

‘ನಾ ತರ್ತೀನಿ’ ಎಂದೆ.

ಅವ್ವ ಒಳಗಿನಿಂದ ನಕ್ಕಳು. ಅಜ್ಜಿ ಮಾತ್ರ ನಗಲಿಲ್ಲ. ‘ಜನಿವಾರ ಅದನೋ ಮೈಮ್ಯಾಲ? ಹೈದರಾಬಾದಿನ್ಯಾಗ ಗೂಟಕ್ಕ ಹಾಕಿ ಬಂದೀಯೋ?’

‘ಅದ.’

‘ತೋರಸು.’

ಅಂಗಿಯ ಗುಂಡಿ ಬಿಚ್ಚಿ ತೋರಿಸಿದೆ. ಪುಣ್ಯಕ್ಕೆ ಇತ್ತು. ‘ಬಣ್ಣ ನೋಡಿದ್ರ ಅದನ್ನ ಒಗದು ವರ್ಷ ಆಗ್ಯದ’ ಎಂದಳು. ಆಮೇಲೆ, ‘ನೀ ಸ್ನಾನ ಮಾಡಿ ಧಾಬಳಿ ಉಟ್ಟು, ಹಾದಿ ತುಂಬ ಕೆಳಗ ಇಡದಂಗ ತರ್ತೀನಿ ಅಂದ್ರ ಮಾಡ್ತೀನಿ. ನಡುವ ಚಹಾ ಗಿಹಾ ಅಂದ್ರ ಅಲ್ಲೇ ಒಗದು ಬರ್ತೀನಿ’ ಎಂದಳು. ಧಾಬಳಿ ಎಂದರೆ ಮಡಿಗೆ ಉಡುವ ಉಣ್ಣೆಯ ವಸ್ತ್ರ. ಮೈಗೆ ಚುಚ್ಚುತ್ತದೆ.

ಕಮ್ಮಾರನ ಹತ್ತಿರ ಮಣ್ಣು ಹೊರುವ ಕಬ್ಬಿಣದ ಬುಟ್ಟಿಯೊಂದನ್ನು ಕೊಂಡು ಎರಡು ಹಿಡಿಕೆ ಹಾಕಿಸಿ ತಂದೆ. ನಮ್ಮ ಸಾಮಾನು ಒಯ್ಯಬೇಕಾಗಿದ್ದ ಗಾಡಿಯವನು ಮಸರಕಲ್ಲಿನ ರೈತ. ಅಜ್ಜಿ ಹೇಳಿಕಳಿಸಿದಂತೆ ಅವನೇ ತನ್ನೂರಿನ ಕೆಂಪುಮಣ್ಣು ತಂದು ಅಂಗಳದಲ್ಲಿ ಸುರಿದ. ಅಜ್ಜಿ ಅದಕ್ಕೆ ಹೊಟ್ಟು, ಸೆಗಣಿ ಬೆರೆಸಿ ಕಲಸಿ, ಬುಟ್ಟಿಯೊಳಗೆ ಒಲೆ ಕಟ್ಟಿದಳು. ಬಾಯಿ ಬಿಡಿಸಿ, ಪಾತ್ರೆ ಕೂರಲು ಮೂರು ಗುಂಡು ಏರಿಸಿ, ಒದ್ದೆ ಅಂಗೈಯಿಂದ ಸವರಿ ಸವರಿ ನುಣುಪು ಮಾಡಿದಳು. ಬಿಸಿಲು ಬಂದಾಗ ಅಂಗಳಕ್ಕೆ, ಮೋಡ ಕವಿದಾಗ ಒಳಕ್ಕೆ ಅದನ್ನು ಹೊತ್ತಾಡುವುದು ನನ್ನ ಕೆಲಸವಾಯಿತು. ಪ್ರತಿಸಲವೂ ಅವ್ವ, ‘ನೋಡು ನೋಡು, ಪೋರ್ಟಬಲ್ ಬಂತು’ ಎನ್ನುತ್ತಿದ್ದಳು. ಒಲೆಗೋ ನನಗೋ ಆ ಹೆಸರು ಎಂದು ಕೇಳಲಿಲ್ಲ.

ಇಷ್ಟಾದರೂ ಅಜ್ಜಿ ಒಪ್ಪಿದ್ದು ಅರ್ಧ ಮಾತ್ರ. ಹೊರಡುವ ಮುನ್ನಾದಿನ ಅಪ್ಪನಿಗೆ ಹೇಳಿದಳು: ‘ಕೂಸು ಬಡಕೊಂತು ಅಂತ ಮಾಡೀನಿ. ಅಲ್ಲಿಗಿ ಹೋದಮ್ಯಾಲ ಇದರ ಮ್ಯಾಲ ಉಣ್ತೀನಿ ಅಂತ ನಾ ಮಾತು ಕೊಟ್ಟಿಲ್ಲ. ಇದು ದೇವದುರ್ಗದ ಒಲಿ. ಮಾನ್ವಿ ಮನಿ ಒಲಿ ಹೆಂಗಾಗ್ತದ?’ ಕೂಸು ಎಂದರೆ ನಾನು. ನನಗಾಗ ಮೀಸೆ ಬಂದಿತ್ತು.

ಎರಡು ದಿನದ ಗಾಡಿಯ ಹಾದಿ. ಬೆಳಿಗ್ಗೆ ತಣ್ಣೀರು ಹೊಯ್ದುಕೊಂಡು, ಧಾಬಳಿ ಉಟ್ಟು, ಕಂಬಳಿ ಹಾಸಿದ ಗಾಡಿಯಲ್ಲಿ ಕೂತೆ. ಎದುರಿಗೆ ಅಪ್ಪ ದೇವರನ್ನು ತೊಡೆಯ ಮೇಲಿಟ್ಟುಕೊಂಡು, ನಾನು ಒಲೆಯನ್ನು ಇಟ್ಟುಕೊಂಡು. ಸ್ವಲ್ಪ ದೂರ ಹೋಗುವುದರೊಳಗೆ ತೊಡೆ ಮರಗಟ್ಟಿತು. ಗಾಡಿಯವನು ಹಿಂತಿರುಗಿ ನೋಡಿದ.

‘ಸಣ್ಣ ಸಾಹೇಬ್ರ, ಬಾಣಂತಿ ಕುಂತಂಗ ಕುಂತೀರಲ್ರೀ. ಹೆಣ್ಣೋ ಗಂಡೋ?’

ನಾನು ಬಾಯಿ ತೆರೆಯುವ ಮೊದಲೇ ಅಜ್ಜಿ ಅಂದಳು: ‘ಅಳಾಕ ಹತ್ತಿದ ಮ್ಯಾಲ ಗೊತ್ತಾಗ್ತದ. ನೀ ಮುಂದ ನೋಡಿ ಹೊಡಿ.’

‘ಹೊಡೀತೀನಿ ಬಿಡ್ರಿ ಯವ್ವಾ. ನಮ್ಮೂರ ಮಣ್ಣು ತವರುಮನಿ ಬಿಟ್ಟು ಹೊಂಟದ, ಅದಕ್ಕ ಕೇಳಿದ್ನಿ.’

ಮಧ್ಯಾಹ್ನ ಹಳ್ಳವೊಂದರ ದಂಡೆಯಲ್ಲಿ ಎತ್ತು ಬಿಚ್ಚಿದರು. ಅಜ್ಜಿ ಮೂರು ಕಲ್ಲು ಹೂಡಿ ಅನ್ನ ಮಾಡಿಕೊಂಡು ಉಂಡಳು. ಅಪ್ಪ ಅವಳು ಉಣ್ಣುವುದನ್ನು ದೂರದಿಂದ ಲೆಕ್ಕದ ಪರೀಕ್ಷೆ ನೋಡುವವನ ಹಾಗೆ ನೋಡುತ್ತಿದ್ದ. ಹಾದಿಯ ಊಟ ಅದು, ಮರುದಿನ ಮನೆ ಸೇರಿದರೆ ಈ ಸಲಿಗೆ ಇಲ್ಲವೆಂದು ಅವನಿಗೆ ಗೊತ್ತು.

ಎರಡನೆಯ ದಿನ ಸಿರವಾರ ದಾಟಿದ ಮೇಲೆ ಮಳೆ ಹಿಡಿಯಿತು. ಅಜ್ಜಿ ಹೊದ್ದಿದ್ದ ಕಂಬಳಿಯನ್ನು ತೆಗೆದು ಒಲೆಯ ಮೇಲೆ ಹಾಕಿದಳು. ‘ನೀ ತೋಯಿಸ್ಕೊಂತೀ’ ಎಂದೆ. ‘ನಾ ಒಣಗ್ತೀನಿ’ ಎಂದಳು. ನಾನು ಒಲೆಯ ಮೇಲೆ ಬಾಗಿ ಕೂತೆ. ಆ ಎರೆಭೂಮಿಯ ಹಾದಿಯಲ್ಲಿ ಒಂದು ಕಡೆ ಚಕ್ರ ಕೊರಕಲಿಗೆ ಇಳಿದು ಗಾಡಿ ಧಡ್ಡೆಂದಿತು. ನನ್ನ ಮಡಿಲಲ್ಲಿ ಏನೋ ‘ಟಿಕ್’ ಎಂದಂತಾಯಿತು. ಕಂಬಳಿಯ ಅಂಚು ಸರಿಸಿ ನೋಡಿದೆ. ಒಲೆಯ ಬಾಯಿಯ ಮೂಲೆಯಿಂದ ಕೆಳಗೆ ಕೂದಲೆಳೆಯಂಥ ಗೆರೆ.

‘ಅಜ್ಜಿ, ಸೀಳು ಬಿಟ್ಟದ.’

ಅಪ್ಪ ಕಣ್ಣು ಮುಚ್ಚಿಕೊಂಡ. ಅವನ ತುಟಿ ಅಲುಗುತ್ತಿತ್ತು. ದೇವರ ನಾಮವೋ ನನಗೆ ಬೈಗಳೋ ತಿಳಿಯದು.

‘ಇಳದಮ್ಯಾಲ ನೋಡೂಣು. ಸುಮ್ಮ ಗಟ್ಟಿ ಹಿಡ್ಕೋ’ ಎಂದಳು ಅಜ್ಜಿ.

ಮಾನ್ವಿ ಮುಟ್ಟಿದಾಗ ಮಳೆ ನಿಂತು ಹೊತ್ತು ಇನ್ನೂ ಮೇಲಿತ್ತು. ಬಾಡಿಗೆ ಮನೆ ಚಿಕ್ಕದು, ಅಡುಗೆಮನೆಯಲ್ಲಿ ಹಿಂದಿನವರು ಕಿತ್ತು ಹೋದ ಒಲೆಯ ಗುರುತು. ನಾನು ನೇರ ಒಳಗೆ ಹೋಗಿ ಅವಳು ತೋರಿಸಿದ ಮೂಲೆಯಲ್ಲಿ ಒಲೆ ಇಳಿಸಿದೆ. ಇಳಿಸಿದ ಮೇಲೂ ಕೈಗಳು ಹಿಡಿದ ಹಾಗೆಯೇ ಸೆಟೆದುಕೊಂಡಿದ್ದವು. ಅಜ್ಜಿ ಸ್ನಾನ ಮಾಡಿ, ಒದ್ದೆಬಟ್ಟೆಯಲ್ಲೇ ಬಂದು ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಬಹಳ ಹೊತ್ತು ನೋಡಿದಳು. ಅಪ್ಪ ಹೊಸ್ತಿಲಾಚೆ ನಿಂತಿದ್ದ. ಕೇಳಿದರೆ ‘ಇಲ್ಲ’ ಎಂಬ ಉತ್ತರ ಬಂದೀತೆಂದು ಹೆದರಿದ್ದನೇನೋ.

‘ಹಿತ್ತಲದಾಗ ಬಾವಿ ಕಡೆ ಮಣ್ಣು ಹೆಂಗದ ನೋಡು’ ಎಂದಳು ಅವ್ವನಿಗೆ.

‘ಕೆಂಪದ ಅತ್ತಿ, ನೆನದು ಹದ ಆಗ್ಯದ.’

‘ಒಂದು ಬೊಗಸಿ ತಾ.’

ಅವ್ವ ಮಡಿನೀರಿನಲ್ಲಿ ಕೈ ತೊಳೆದು ಮಣ್ಣು ತಂದುಕೊಟ್ಟಳು. ಅಜ್ಜಿ ಅದನ್ನು ನಾದಿ, ಹೆಬ್ಬೆರಳಿನಿಂದ ಸೀಳಿನೊಳಗೆ ಒತ್ತಿ ಒತ್ತಿ ತುಂಬಿದಳು. ಅಷ್ಟಕ್ಕೇ ನಿಲ್ಲಿಸಲಿಲ್ಲ. ಉಳಿದದ್ದನ್ನು ನೀರಾಗಿ ಕಲಸಿ ಒಲೆಗೆಲ್ಲ ತೆಳ್ಳಗೆ ಬಳಿದಳು. ದೇವದುರ್ಗದಿಂದ ನಾನು ಹೊತ್ತು ತಂದದ್ದು ಮೆಲ್ಲಗೆ ಕಾಣದಾಗಿ ಹೊಸ ಒಲೆಯೊಂದು ಅಲ್ಲಿ ಕೂತಿತು. ಒಳಗಿನ ಮೈ ಒಣಗಿದ್ದರಿಂದ ಬಳಿದದ್ದು ಆರಲು ಹೊತ್ತು ಬೇಕಾಗಲಿಲ್ಲ. ಎರಡು ಸೆಗಣಿ ಕುರುಳು ಹಚ್ಚಿದಾಗ ಹಬೆಯಾಡಿ ಬಣ್ಣ ತಿಳಿಯಾಯಿತು.

‘ಈಗ ಇದು ಈ ಮನಿ ಒಲಿ’ ಎಂದಳು. ಆಮೇಲೆ ಅಪ್ಪನ ಕಡೆ ತಿರುಗಿ, ‘ಅಕ್ಕಿ ಎಲ್ಲಿ ಕಟ್ಟೀರಿ? ಹೊತ್ತು ಮುಳುಗಿದ್ರ ನಾ ಉಣ್ಣಾಕಿಲ್ಲ’ ಎಂದಳು.

ಅಪ್ಪ ಮಾಸ್ತರಿಕೆಯ ಗಾಂಭೀರ್ಯ ಮರೆತು ಗಾಡಿಯ ಕಡೆ ಓಡಿದ. ಗಾಡಿಯವನು, ‘ಏನ್ರೀ ಮಾಸ್ತರ್ರ, ಹೆರಿಗಿ ಸುಸೂತ್ರ ಆತೇನು?’ ಎಂದು ಕೇಳಿದ್ದು ಒಳಗೆ ಕೇಳಿಸಿತು. ಅಜ್ಜಿ ಆ ಎರಡು ದಿನದಲ್ಲಿ ಮೊದಲ ಸಲ ನಕ್ಕಳು.

ಆ ಒಲೆ ಮುಂದೆ ಮಾನ್ವಿಯಿಂದ ರಾಯಚೂರಿಗೂ ಬಂತು. ಆ ಸಲ ಸೀಳು ಬಿಟ್ಟಿತೋ ಇಲ್ಲವೋ, ಅಜ್ಜಿ ಮಾತ್ರ ರಾಯಚೂರಿನ ಮನೆಯ ಹಿತ್ತಲ ಮಣ್ಣನ್ನೂ ಅದಕ್ಕೆ ಬಳಿದಳು. ಅಪ್ಪನ ಮುಖದಲ್ಲಿ ಆ ಹೆದರಿಕೆಯನ್ನು ನಾನು ಮತ್ತೆ ಕಾಣಲಿಲ್ಲ.

ಇದನ್ನೆಲ್ಲ ಬರೆದು ಓದಿದಾಗ ನನಗೇ ಅನುಮಾನ. ಸೀಳು ಇಷ್ಟು ಅನುಕೂಲಕ್ಕೆ ಬೇಕಾದಲ್ಲೇ ಬಿಟ್ಟಿತೇ? ಓದು ಮುಗಿದು ಎಷ್ಟೋ ಕಾಲದ ಮೇಲೆ ಅವ್ವನನ್ನು ಕೇಳಿದ್ದೆ. ಅವಳು ಸೊಪ್ಪು ಸೋಸುತ್ತ ಕೂತಿದ್ದಳು.

‘ಸೀಳು ಎಲ್ಲಿತ್ತೋ? ನಾ ಮಣ್ಣು ತಂದುಕೊಟ್ಟಾಕಿ, ನಾ ನೋಡಿಲ್ಲೇನು? ಒಲಿ ಗಡಿಗಿ ಹಂಗ ಗಟ್ಟಿ ಇತ್ತು. ಅತ್ಯಾರು ಸುಮ್ಮ ಬಳದ್ರು.’

‘ಮತ್ತ ಗಾಡ್ಯಾಗ ನಾ ಸೀಳು ಬಿಟ್ಟದ ಅಂದಾಗ?’

‘ನೀ ಅಂದಿದ್ದಿ. ಮಳಿ ನೀರು ಇಳಿದ ಗೆರಿ ಅದು. ಅಂಜಿದ್ದಿ ನೀ.’

‘ಹಂಗಾರ ಮಳಿ ಬಂದದ್ದು ಖರೇನ?’

‘ಮಳಿ ಬಂದಿತ್ತು’ ಎಂದು ಒಪ್ಪಿದಳು, ಅಷ್ಟನ್ನು ನನಗೆ ಬಿಟ್ಟುಕೊಡುವವಳ ಹಾಗೆ.

ಹಾಗಿದ್ದರೆ ಅಜ್ಜಿ ಇಲ್ಲದ ಸೀಳನ್ನು ತುಂಬಿದಳೇ? ತನ್ನ ನಿಯಮಕ್ಕೆ ಊನ ಬರದಂತೆ ಉಣ್ಣಲು ದಾರಿ ಬೇಕಾಗಿ, ನಾನು ಕಂಡೆನೆಂದ ಗೆರೆಯನ್ನು ಹಿಡಿದುಕೊಂಡಳೇ? ಅಥವಾ ಅಷ್ಟು ದೂರ ಹೊತ್ತು ತಂದವನ ಮುಖ ನೋಡಿ ಸೋತಳೇ? ಅಪ್ಪ ಆಗಲೇ ಇರಲಿಲ್ಲ. ಕೇಳಬಹುದಾಗಿದ್ದವಳು ಅಜ್ಜಿಯೊಬ್ಬಳೇ, ಅವಳೂ ತೀರಿಕೊಂಡಿದ್ದಳು. ಬದುಕಿದ್ದಾಗ ಕೇಳಿದ್ದರೂ ‘ನಿನಗ್ಯಾಕ ಬೇಕೋ’ ಎನ್ನುತ್ತಿದ್ದಳು. ಹಿಂದಕ್ಕೆ ಹೊತ್ತು ತರುವ ಕೆಲಸದಲ್ಲಿ ನಾನು ಅಷ್ಟೇನೂ ನೆಚ್ಚಬಹುದಾದ ಹಮಾಲನಲ್ಲ.

ಸೊಪ್ಪಿನ ಬುಟ್ಟಿ ಸರಿಸಿ ಏಳುವಾಗ ಅವ್ವ ಇನ್ನೊಂದು ಮಾತು ಹೇಳಿದಳು.

‘ಅವತ್ತು ಅತ್ಯಾರು ಎರಡನೆ ಸಲ ಅನ್ನ ಹಾಕ್ಕೊಂಡ್ರು. ಅವರು ಹಂಗ ಹಾಕ್ಕೊಂಡದ್ದು ನಾ ಈ ಮನಿಗಿ ಬಂದಮ್ಯಾಲ ನೋಡಿದ್ದೇ ಇಲ್ಲ. ನಿಮ್ಮಪ್ಪ ಹಿತ್ತಲಕ್ಕ ಹೋಗಿ ಕಣ್ಣು ಒರಸ್ಕೊಂಡು ಬಂದ್ರು.’

ನನಗೆ ಅದು ಏನೂ ನೆನಪಿಲ್ಲ. ನಾನು ಆಗ ಹೊರಗೆ ಗಾಡಿಯವನ ಜೊತೆ ಸಾಮಾನು ಇಳಿಸುತ್ತಿದ್ದೆನೋ, ಅಥವಾ ಎರಡು ದಿನದಿಂದ ಕುಡಿಯದ ಚಹಾ ಹುಡುಕಿಕೊಂಡು ಬಜಾರಿನ ಕಡೆ ಹೋಗಿದ್ದೆನೋ. ಆ ಎರಡನೆಯ ಸಲದ ಅನ್ನವನ್ನು ಇಷ್ಟು ವರ್ಷ ಕಾಪಾಡಿಕೊಂಡು ಬಂದವಳು ಅವ್ವ. ಅವಳು ಕೊಟ್ಟದ್ದನ್ನು ಮಾತ್ರ ನಾನು ಸಂಶಯಪಡದೆ ಇಟ್ಟುಕೊಂಡಿದ್ದೇನೆ.